ಕುರಿಯಿಲ್ಲದ ಚೀಟಿ

ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಆಗ ನಾನು ದೇಶದ ರಾಜಧಾನಿಯ ಹೌಜ್ ಖಾಸ್ ಬಳಿಯ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಜವಳಿ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಯಾವ ಬಟ್ಟೆ ಯಾವುದರಿಂದ ಆದದ್ದು ಎಂದು ತಿಳಿಯಲು ನಮ್ಮ ಪ್ರಯೋಗಾಲಯದಲ್ಲಿ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಬೆಂಕಿಗೆ ತೋರಿಸುವುದು. ಹತ್ತಿ ಸುಟ್ಟರೆ ಕಾಗದ ಸುಟ್ಟ ವಾಸನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿಯಿಂದ ದೂರ ಸರಿಸಿದರೆ ತಾನಾಗಿ ಆರಿಹೋಗುತ್ತದೆ. ಪಾಲಿಯೆಸ್ಟರ್ ಮಾತ್ರ ಮೊದಲು ಮುದುರಿ ಕರಗುತ್ತದೆ, ಆಮೇಲೆ ಕಪ್ಪು ಹೊಗೆ ಬಿಡುತ್ತ ಉರಿಯುತ್ತದೆ. ಅದರ ವಾಸನೆ ಸ್ವಲ್ಪ ಸಿಹಿ, ಗಂಟಲಿಗೆ ಹತ್ತುವಂಥದ್ದು. ಆರಿದ ಮೇಲೆ ತುದಿಯಲ್ಲೊಂದು ಗಟ್ಟಿ ಮಣಿ ಉಳಿಯುತ್ತದೆ.

ಈ ವಾಸನೆಯನ್ನು ನಾನು ಒಂದು ಜನವರಿಯ ಬೆಳಿಗ್ಗೆ ಜನಕಪುರಿಯಲ್ಲಿ, ಗಣಹೋಮದ ಕುಂಡದ ಎದುರು, ನನ್ನ ಭಾವನ ತೋಳಿನಿಂದ ಬರುವಾಗ ಮೂಸಿದೆ.

ಭಾವ ಕುಂದಾಪುರದ ಕಡೆಯವರು. ಜನಕಪುರಿಯ ಮಾರುಕಟ್ಟೆಯಲ್ಲಿ ಅವರದೊಂದು ಹೋಟೆಲ್. ಅದರ ಮೇಲಿನ ಮಹಡಿಯಲ್ಲೇ ಅಕ್ಕ, ಭಾವ, ಅವರ ಮಗಳು ಇರುತ್ತಿದ್ದರು. ಆ ಕಡೆಗೆ ಮೆಟ್ರೋ ಬಂದ ಹೊಸತು. ನಿಲ್ದಾಣದಿಂದ ಇಳಿದವರು ಹೋಟೆಲಿಗೆ ಬರತೊಡಗಿ ವ್ಯಾಪಾರ ಏರಿತ್ತು. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಊಟದ ಮೇಜುಗಳನ್ನು ಗೋಡೆಗೆ ಸರಿಸಿ, ಹೋಟೆಲಿನ ನಡುವೆಯೇ ಗಣಹೋಮ ಮಾಡಿಸುತ್ತಿದ್ದರು.

ನಾನು ಬಸ್ಸು ಹಿಡಿದು ಮಂಜಿನಲ್ಲಿ ಬಂದು ಸೇರುವಾಗ ಹೋಮ ಶುರುವಾಗಿ ಬಹಳ ಹೊತ್ತಾಗಿತ್ತು. ಹಿಂದಿನ ಸಾಲಿನಲ್ಲಿ ಕುಳಿತ ನನಗೆ ಭಾವನ ಬೆನ್ನು ಮಾತ್ರ ಕಾಣುತ್ತಿತ್ತು. ಪಂಚೆಯ ಮೇಲೆ ಕಡು ಹಸಿರು ಬಣ್ಣದ ಹೊಸ ಜಾಕೆಟ್. ಅದಕ್ಕೂ ಮೊದಲು ನಡೆದ ಮಾತು ನನಗೆ ಅಕ್ಕ ಆಮೇಲೆ ಹೇಳಿದ್ದು.

ಭಟ್ಟರು ಜಾಕೆಟ್ ನೋಡಿ ಕೇಳಿದರಂತೆ: "ಹೊಲಿದದ್ದು ಹಾಕಿ ಕೂರುವ ಹಾಗಿಲ್ಲ. ಆದರೆ ಈ ಚಳಿಯಲ್ಲಿ ನಿಯಮ ಅಂತ ಕೂತರೆ ನಿಮಗೆ ನ್ಯುಮೋನಿಯಾ, ನನಗೆ ಅಪವಾದ. ಉಣ್ಣೆಯಾ ಅದು?"

"ಉಣ್ಣೆಯೇ ಭಟ್ರೇ. ನೋಡಿ, ಕುರಿಯೇ ಉಂಟು" ಎಂದು ಭಾವ, ಇನ್ನೂ ಕೊರಳಪಟ್ಟಿಯಲ್ಲಿ ನೇತಾಡುತ್ತಿದ್ದ ಚೀಟಿಯನ್ನು ಎತ್ತಿ ತೋರಿಸಿದರಂತೆ.

"ಹಾಗಾದರೆ ಅಡ್ಡಿಯಿಲ್ಲ. ಉಣ್ಣೆ ಮಡಿಗೆ ಬರ್ತದೆ" ಎಂದ ಭಟ್ಟರು ತಮ್ಮ ಉಣ್ಣೆಯ ಮಂಕಿ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ಸಂಕಲ್ಪ ಹೇಳಿಸಿದರಂತೆ.

ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಗೆದು ಒಣಗಿಸಿದ ಹತ್ತಿ ಬಟ್ಟೆ ಸಿಗದಿದ್ದಾಗ ಪೂಜೆಗೆ ರೇಷ್ಮೆ ನಡೆಯುತ್ತದೆ, ಉಣ್ಣೆ ನಡೆಯುತ್ತದೆ. ಬೇರೆ ಊರಿನ, ಬೇರೆ ಪದ್ಧತಿಯ ಮನುಷ್ಯ ಜಾಕೆಟ್ ತೊಟ್ಟು ಬೆಂಕಿಯ ಅಷ್ಟು ಹತ್ತಿರ, ಅಷ್ಟು ಹೊತ್ತು, ತುಪ್ಪ ಸುರಿಯುತ್ತ ಕೂರುತ್ತಿರಲಿಲ್ಲ. ಭಾವ ಕೂತರು. ಉಣ್ಣೆ ಎಂಬ ನಂಬಿಕೆಯಿಂದಲೇ ಕೂತರು.

ಪೂರ್ಣಾಹುತಿಯ ಹೊತ್ತಿಗೆ ಎಲ್ಲರೂ ಎದ್ದು ನಿಂತೆವು. ಆಗ ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಭಾವ ಬಲಗೈಯಿಂದ ತುಪ್ಪ ಹೊಯ್ದರು. ಜ್ವಾಲೆ ಅವರ ಎದೆಯೆತ್ತರಕ್ಕೆ ಎದ್ದಿತು. ಜಾಕೆಟ್ಟಿನ ತೋಳಿನ ಅಂಚು ಹಿಂದಕ್ಕೆ ಮುದುರಿತು, ಯಾರೋ ಎಳೆದ ಹಾಗೆ. ಆಮೇಲೆ ಅದರ ಮೇಲೆ ಚಿಕ್ಕದೊಂದು ನೀಲಿ ಉರಿ ಓಡಿತು. ಹೋಮದ ಹೊಗೆಯ ನಡುವೆ ಆ ಸಿಹಿ ವಾಸನೆ ಬಂತು. ಭಾವ ಕೈ ಕೊಡವಿದರು. ಕೊಡವಿದಷ್ಟೂ ಕರಗಿದ ಬಟ್ಟೆ ಮಣಿಕಟ್ಟಿಗೆ ಅಂಟಿಕೊಂಡಿತು.

ಅಕ್ಕ ಪಕ್ಕದಲ್ಲಿದ್ದ ಕೊಡದ ನೀರನ್ನು ಪೂರ್ತಿ ಅವರ ಕೈಮೇಲೆ ಸುರಿದಳು. ಭಟ್ಟರು ಅಂಟಿದ್ದನ್ನು ಕೀಳಲು ಹೋದರು.

"ಎಳೀಬೇಡಿ! ಎಳೆದರೆ ಚರ್ಮ ಬರ್ತದೆ!" ಎಂದು ನಾನು ಕಿರುಚಿದೆ. ಹಾಗೆ ಕಿರುಚಬಲ್ಲೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಲ್ಲಿಯ ಕೆಳಗೆ ಕೈ ಹಿಡಿಸಿ, ತಣ್ಣೀರು ಹರಿಸಿ, ಮಾರುಕಟ್ಟೆಯ ಹಿಂದಿನ ಗಲ್ಲಿಯ ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಕನ್ನಡಕ ಏರಿಸಿ ನೋಡಿ, ಪ್ಲಾಸ್ಟಿಕ್ ಹೇಗೆ ಸುಟ್ಟುಕೊಂಡಿರಿ ಎಂದು ಹಿಂದಿಯಲ್ಲಿ ಕೇಳಿದರು.

"ಪ್ಲಾಸ್ಟಿಕ್ ನಹೀಂ ಡಾಕ್ಟರ್ ಸಾಬ್, ಊನ್ ಹೈ" ಎಂದರು ಭಾವ. ನೋವಿನಲ್ಲೂ ಉಣ್ಣೆಯ ಪರ ವಾದ.

"ಊನ್?" ವೈದ್ಯರು ಚಿಮಟದಲ್ಲಿ ಒಂದು ಕರಿ ಚೂರು ಎತ್ತಿ ಬೆಳಕಿಗೆ ಹಿಡಿದರು. "ಇಂಥ ಊನ್ ಕೊಡುವ ಕುರಿ ನಾನು ನೋಡಿಲ್ಲ ಜೀ."

ಸಂಜೆ ಭಾವ ಬಲಗೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಂಚದ ಮೇಲೆ ಕೂತಿದ್ದರು. ನಾನು ಜಾಕೆಟ್ಟನ್ನು ಒಳಮಗ್ಗುಲು ತಿರುಗಿಸಿ ನೋಡಿದೆ. ಹೊರಗೆ ಕಾಣುತ್ತಿದ್ದ ಚೀಟಿ ಒರಟು ಕಂದು ಕಾಗದದ್ದು, ಸೆಣಬಿನ ದಾರದಲ್ಲಿ ಕಟ್ಟಿದ್ದು. ಅದರ ಮೇಲೆ ಹಿಮದ ಬೆಟ್ಟ, ಬೆಟ್ಟದ ಬುಡದಲ್ಲಿ ಮೇಯುವ ಒಂದು ಕುರಿ, ಮೂಲೆಯಲ್ಲಿ ಹಸಿರೆಲೆ. ಪ್ರಕೃತಿಯೇ ಕೊಟ್ಟ ಬಿಸುಪು ಎಂಬರ್ಥದ ಇಂಗ್ಲಿಷ್ ಮಾತು. ಒಂದು ಜಾಕೆಟ್ ಕೊಂಡರೆ ಒಂದು ಸಸಿ ನೆಡುತ್ತೇವೆ ಎಂಬ ಭರವಸೆ. ಒಳಗೆ, ಜೇಬಿನ ಕೆಳಗಿನ ಹೊಲಿಗೆಯಲ್ಲಿ, ನನ್ನ ಹೆಬ್ಬೆರಳಿನ ಉಗುರಿನಷ್ಟು ಅಗಲದ ಬಿಳಿ ಪಟ್ಟಿಯಲ್ಲಿ ಬರೆದಿದ್ದದ್ದು ಬೇರೆ: ಪೂರ್ತಿ ಪಾಲಿಯೆಸ್ಟರ್. ಸುಳ್ಳು ಎಂದು ಹೇಳುವಂತಿರಲಿಲ್ಲ. ನಿಜವೂ ಅಲ್ಲೇ ಇತ್ತು, ಯಾರೂ ನೋಡದ ಕಡೆ.

"ಈ ಪಾಲಿಯೆಸ್ಟರ್ ಯಾವುದರಿಂದ ಮಾಡ್ತಾರೆ ಮಾರಾಯ್ತಿ?" ಭಾವ ಕೇಳಿದರು.

"ಕಚ್ಚಾ ತೈಲದಿಂದ. ಪೆಟ್ರೋಲು, ಡೀಸೆಲು ತೆಗೆಯುವ ಅದೇ ಎಣ್ಣೆಯಿಂದ ಬೇರೆ ಮಾಡಿ, ಬೇಯಿಸಿ, ಎಳೆ ತೆಗೀತಾರೆ."

ಅವರು ಬ್ಯಾಂಡೇಜಿನ ಕೈ ನೋಡಿಕೊಂಡರು. "ಅಂದರೆ ನಾನು ಪೆಟ್ರೋಲ್ ಉಟ್ಟುಕೊಂಡು ಗಣಪತಿ ಮುಂದೆ ಕೂತಿದ್ದೆ."

"ಪೆಟ್ರೋಲ್ ಅಲ್ಲ ಭಾವ. ಅದರ ಅಣ್ಣತಮ್ಮ."

ಪಾಲಿಯೆಸ್ಟರನ್ನು ನಾನು ಬೈಯಲಿಲ್ಲ. ಮಂಜಿನಲ್ಲಿ, ಗಾಳಿಯಲ್ಲಿ ಓಡಾಡುವವರಿಗೆ ಅಷ್ಟು ಹಗುರಾಗಿ, ಅಷ್ಟು ಬೇಗ ಒಣಗುವ ಬೇರೆ ಬಟ್ಟೆ ಸಿಗುವುದು ಕಷ್ಟ. ಪರ್ವತ ಹತ್ತುವವರು ತೊಡುವುದು ಬಹುಪಾಲು ಎಣ್ಣೆಯಿಂದ ಬಂದದ್ದೇ: ಜಾಕೆಟ್, ಅದರ ಮೇಲಿನ ನೀರು ತಡೆಯುವ ಪದರ, ಜಿಪ್ಪು, ಲಾಡಿ, ಬೆನ್ನಚೀಲ. ಅದರ ಮೇಲೆಯೇ ನನ್ನ ಸಂಶೋಧನೆಯೂ ಇತ್ತು. ನನ್ನನ್ನು ಕಂಗೆಡಿಸಿದ್ದು ಆ ಕುರಿ.

ಮಗಳಿಗೂ ಅದೇ ಅಂಗಡಿಯಿಂದ ಗುಲಾಬಿ ಬಣ್ಣದ್ದೊಂದು ತಂದಿದ್ದರು. ಅಕ್ಕ ಅದನ್ನು ಕಪಾಟಿನ ಮೇಲೆ ಎತ್ತಿಟ್ಟಳು.

"ಮಮ್ಮಿ, ಮೇರಾ ಜಾಕೆಟ್ ಕೊಡು ನಾ! ಸ್ಕೂಲಲ್ಲಿ ಕಿತ್ನಾ ಠಂಡ್ ಇದೆ."

"ಚಳಿಯಾದರೆ ಸ್ಕೂಲಿಗೆ ಹಾಕ್ಕೋ. ಅದನ್ನ ಹಾಕ್ಕೊಂಡು ಗ್ಯಾಸ್ ಹತ್ತಿರ ಬಂದೆಯೋ, ಕಾಲು ಮುರೀತೇನೆ."

ಭಾವ ಅದನ್ನು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. "ನಮ್ಮ ಮನೆಯಲ್ಲಿ ಹೇಳುವವಳು ನೀನಿದ್ದೀ. ಪಕ್ಕದ ಮನೆಯಲ್ಲಿ ಯಾರು ಹೇಳ್ತಾರೆ? ಈ ಊರಲ್ಲಿ ಚಳಿಗಾಲದಲ್ಲಿ ಬೆಂಕಿ ಕಾಯಿಸದ ಬೀದಿ ಉಂಟಾ? ಮುಂದಿನ ಚಳಿಗೆ ಆ ಕುರಿ ಇರಬಾರದು. ನನಗೆ ಇನ್ನೇನೂ ಬೇಡ."

ಅವರು ಹಠ ಹಿಡಿದದ್ದನ್ನು ನಾನು ಅದೇ ಮೊದಲು ಕಂಡದ್ದು.

ಬ್ಯಾಂಡೇಜು ಬಿಚ್ಚುವ ಮೊದಲೇ ನಾವಿಬ್ಬರೂ ಹೋಟೆಲಿನ ವ್ಯಾನಿನಲ್ಲಿ ಗುರಗಾಂವ್‌ಗೆ ಹೋದೆವು. ಕಂಪನಿಯ ಕಚೇರಿ ಗಾಜಿನ ಕಟ್ಟಡವೊಂದರಲ್ಲಿತ್ತು. ಬಾಗಿಲಲ್ಲಿ ನೆಡಲು ತಂದ ಸಸಿಗಳು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲಾಗಿ ನಿಂತಿದ್ದವು. ಎಲೆಗಳ ಮೇಲೆ ಬೂದಿಯಂಥ ಧೂಳು. ಒಳಗಿನ ಗೋಡೆಯಲ್ಲಿ ಭೂಮಿಯನ್ನು ಅಂಗೈಯಲ್ಲಿ ಹಿಡಿದ ದೊಡ್ಡ ಚಿತ್ರ. ನಮ್ಮನ್ನು ಕೂರಿಸಿ ಮಾತಾಡಿದ ಮ್ಯಾನೇಜರ್ ಒಳ್ಳೆಯ ಮಾತಿನ ಮನುಷ್ಯ. ನಮಗೆ ಚಹಾ ತರಿಸಿದರು. ಭಾವನ ಕೈ ನೋಡಿ ನಿಜವಾಗಿಯೂ ನೊಂದುಕೊಂಡರು ಎಂದೇ ನನಗೆ ಅನ್ನಿಸಿತು.

"ನಿಮಗೆ ಹೊಸ ಜಾಕೆಟ್ ಕೊಡ್ತೇವೆ. ಇಡೀ ಕುಟುಂಬಕ್ಕೆ ಕೊಡ್ತೇವೆ" ಎಂದರು. ಮಾತು ಹಿಂದಿಯಲ್ಲಿತ್ತು.

"ಜಾಕೆಟ್ ಬೇಡ ಸಾಬ್. ಕುರಿ ತೆಗೀರಿ. ಇದು ಎಣ್ಣೆಯಿಂದ ಮಾಡಿದ್ದು, ಬೆಂಕಿಯ ಹತ್ತಿರ ಹೋಗಬೇಡಿ ಅಂತ ಅದೇ ಜಾಗದಲ್ಲಿ ಬರೀರಿ."

ಮ್ಯಾನೇಜರ್ ನಕ್ಕರು. "ಭಾಯಿ ಸಾಬ್, ನಾವೆಲ್ಲೂ ಉಣ್ಣೆ ಅಂತ ಬರೆದಿಲ್ಲ. ಕುರಿ ಬರೀ ದೃಶ್ಯ. ಬೆಟ್ಟ ಅಂದ ಮೇಲೆ ಕುರಿ ಇರ್ತದೆ."

"ನನ್ನ ಹೋಟೆಲಿನ ಬೋರ್ಡಿನಲ್ಲಿ ಕೋಳಿ ಬರೆಸಿ, ಒಳಗೆ ಕೂತವರಿಗೆ ಇಡ್ಲಿ ಕೊಟ್ಟು, ಕೋಳಿ ಬರೀ ದೃಶ್ಯ ಅಂದರೆ ನೀವು ಸುಮ್ಮನೆ ಎದ್ದು ಹೋಗ್ತೀರಾ?"

ನನಗೆ ನಗು ಬಂತು. ತಡೆದುಕೊಂಡೆ. ಮ್ಯಾನೇಜರ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಓದಿದವರಿಗೆ ಅರ್ಥವಾಗುತ್ತದೆ ಎಂಬ ಧಾಟಿಯಲ್ಲಿ ಹೇಳಿದರು: "ನೋಡಿ, ಪೆಟ್ರೋಲಿಯಂ ಕೂಡ ಭೂಮಿಯೊಳಗಿಂದಲೇ ಬರುವುದು. ಅದೂ ಪ್ರಕೃತಿಯೇ."

ಆ ಮಾತನ್ನು ನಾನು ಭಾವನಿಗೆ ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿದರು. "ಅಚ್ಛಾ. ಹಾಗಾದರೆ ಪೆಟ್ರೋಲ್ ಬಂಕಿಗೂ ಇದೇ ಎಲೆ, ಇದೇ ಕುರಿ ಅಂಟಿಸಲಿಕ್ಕೆ ಹೇಳು. ವಾಹನದವರೆಲ್ಲ ಕಾಡಿನಲ್ಲಿ ಇದ್ದೇವೆ ಅಂದುಕೊಳ್ಳಲಿ."

ನಾನು ಕೈಚೀಲದಿಂದ ಚಿಮಟ, ಬೆಂಕಿಪೊಟ್ಟಣ ತೆಗೆದೆ. ಮೊದಲು ಅನುಮತಿ ಕೇಳಿದೆ. ಚಹಾದ ತಟ್ಟೆಯ ಮೇಲೆ ನನ್ನ ದುಪಟ್ಟಾದ ಅಂಚಿನ ಹತ್ತಿ ಎಳೆ ಸುಟ್ಟು ತೋರಿಸಿದೆ. ಅಕ್ಕನ ಹಳೆಯ ಶಾಲಿನಿಂದ ತಂದಿದ್ದ ಉಣ್ಣೆ ಎಳೆ ಸುಟ್ಟೆ. ಅದು ಚುರುಗುಟ್ಟಿ ಆರಿತು; ಬೆರಳಲ್ಲಿ ಹಿಚುಕಿದರೆ ಪುಡಿಯಾಯಿತು. ಕೊನೆಗೆ ಜಾಕೆಟ್ಟಿನ ಚೂರು. ಅದು ಕರಗಿ, ಉರಿಯುವ ಹನಿಯಾಗಿ ತಟ್ಟೆಗೆ ಬಿತ್ತು. ಬಿದ್ದ ಮೇಲೂ ಉರಿಯಿತು. ಕೋಣೆ ತುಂಬ ಆ ವಾಸನೆ.

ಮ್ಯಾನೇಜರ್ ಕಿಟಕಿ ತೆರೆಯಲು ಎದ್ದರು. ಅದು ತೆರೆಯದ ಗಾಜು.

ಮೇಜಿನ ಆ ತುದಿಯಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಯುವತಿಯೊಬ್ಬಳು ಆಗ ಮಾತಾಡಿದಳು. "ಸರ್, ಆ ಕುರಿ ಬಿಡಿಸಿದವಳು ನಾನು. ನಮ್ಮ ಅಜ್ಜಿಗೆ ಇದೇ ಜಾಕೆಟ್ ಕೊಟ್ಟಿದ್ದೇನೆ. ಅವರು ದಿನಾ ಅಂಗೀಠಿಯ ಕೆಂಡದ ಮುಂದೆ ಕೂತು ಕೈ ಕಾಯಿಸ್ತಾರೆ." ಅಷ್ಟು ಹೇಳಿ ಎದ್ದು, ಮೊಬೈಲ್ ಹಿಡಿದು ಹೊರಗೆ ಹೋದಳು. ಗಾಜಿನ ಆಚೆ ಅವಳು ಅಜ್ಜಿಗೆ ಫೋನಿನಲ್ಲಿ ಜೋರಾಗಿ ಏನೋ ಹೇಳುತ್ತಿದ್ದದ್ದು ಕಾಣುತ್ತಿತ್ತು. ಕೇಳಿಸುತ್ತಿರಲಿಲ್ಲ.

"ಮೇಲಿನವರ ಜೊತೆ ಮಾತಾಡ್ತೇನೆ" ಎಂದರು ಮ್ಯಾನೇಜರ್. ವಾಪಸು ಬರುವಾಗ ವ್ಯಾನಿನಲ್ಲಿ ಭಾವ, "ಮೇಲಿನವರು ಅಂದರೆ ಯಾರು? ಬೆಟ್ಟದ ಮೇಲಿನ ಕುರಿಗಳಾ?" ಎಂದರು. ಆದರೆ ಅವರ ಮುಖದಲ್ಲಿ ಸೋತ ಕಳೆ ಇತ್ತು.

ಫೆಬ್ರುವರಿ ಮುಗಿಯಿತು, ಹೋಳಿ ಕಳೆಯಿತು. ಕಂಪನಿಯಿಂದ ಬಂದದ್ದು ಎರಡು ಹೊಸ ಜಾಕೆಟ್. ಕೊರಳಪಟ್ಟಿಯಲ್ಲಿ ಅದೇ ಕುರಿ. ನಾನು ಕೈಚೆಲ್ಲಿದೆ. ಸಂಶೋಧನೆ ಮಾಡುವವರಿಗೆ ಬರುವ ಉಪಾಯವೆಂದರೆ ಒಂದು ಲೇಖನ. ಅದನ್ನು ಓದುವವರು ಇದೆಲ್ಲ ಈಗಾಗಲೇ ಗೊತ್ತಿದ್ದವರು.

ಭಾವನಿಗೆ ಬಂದ ಉಪಾಯ ಹೋಟೆಲಿನವರದ್ದು. ಸುಟ್ಟ ತೋಳನ್ನು ಜಾಕೆಟ್ಟಿನಿಂದ ಕತ್ತರಿಸಿ, ಚೀಟಿಯ ಸಮೇತ, ದೇವರ ಪಟಕ್ಕೆ ಹಾಕಿಸುವಂಥ ಗಾಜಿನ ಚೌಕಟ್ಟು ಹಾಕಿಸಿದರು. ಗಲ್ಲಾಪೆಟ್ಟಿಗೆಯ ಹಿಂದೆ, ಲಕ್ಷ್ಮಿಯ ಪಟದ ಪಕ್ಕ ತೂಗುಹಾಕಿದರು. ಕೆಳಗೆ ಹಿಂದಿಯಲ್ಲಿ ಬರೆಸಿದ್ದು ಒಂದೇ ಸಾಲು: ಇದು ಉಣ್ಣೆಯಲ್ಲ. ಕಂಪನಿಯ ಹೆಸರನ್ನು ಬಿಳಿ ಕಾಗದ ಅಂಟಿಸಿ ಮುಚ್ಚಿದ್ದರು. ಕುರಿಯನ್ನು ಮುಚ್ಚಲಿಲ್ಲ.

"ಲಕ್ಷ್ಮಿ ಪಕ್ಕ ಸುಟ್ಟ ಬಟ್ಟೆ ಇಡ್ತಾರಾ?" ಅಕ್ಕ ರೇಗಿದಳು.

"ಜನ ಹಣ ಕೊಡುವಾಗ ನೋಡುವುದು ಅಲ್ಲಿಯೇ ಅಲ್ಲವಾ?"

ನಮ್ಮ ಕಡೆಯ ಹೋಟೆಲಿನ ಯಜಮಾನ ಗಲ್ಲಾದಲ್ಲಿ ಕೂತು ಬರೀ ಚಿಲ್ಲರೆ ಎಣಿಸುವವನಲ್ಲ. ಯಾರ ಮಗಳಿಗೆ ಮದುವೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ವರ್ಗಾವಣೆ ಎಲ್ಲಿಗೆ, ಎಲ್ಲ ಅವನಿಗೆ ಗೊತ್ತು, ಹೇಳಲಿಕ್ಕೂ ಗೊತ್ತು. ಚೌಕಟ್ಟು ನೋಡಿದವರು ಕೇಳದೆ ಹೋಗುತ್ತಿರಲಿಲ್ಲ. ದೋಸೆ ಬರುವವರೆಗೆ ಭಾವ ಕಥೆ ಹೇಳುತ್ತಿದ್ದರು. ಗುರಗಾಂವ್‌ನ ಮಾತು ಬಂದಾಗ ಕಾಫಿ ಲೋಟವನ್ನೇ ಚಹಾದ ತಟ್ಟೆ ಮಾಡಿ ತೋರಿಸುತ್ತಿದ್ದರು. ಕೊನೆಯಲ್ಲಿ ಅಂಗಿಯ ತೋಳು ಮೇಲಕ್ಕೆತ್ತಿ ಮಣಿಕಟ್ಟು ತೋರಿಸುವುದು. ಲೋಧಿ ಕಾಲೋನಿಯಿಂದ ಭಾನುವಾರ ಬರುತ್ತಿದ್ದ ಸರ್ಕಾರಿ ಅಧಿಕಾರಿಗಳು ಕೇಳಿದರು. ಮೆಟ್ರೋ ಇಳಿದ ಕಾಲೇಜು ಮಕ್ಕಳು ಕೇಳಿದರು. ಕೇಳಿದವರು ತಮ್ಮ ಜಾಕೆಟ್ಟುಗಳನ್ನು ಅಲ್ಲೇ ತಿರುಗಿಸಿ ಒಳಗಿನ ಬಿಳಿ ಪಟ್ಟಿ ಹುಡುಕುವುದನ್ನು ನಾನು ಎಷ್ಟೋ ಸಲ ಕಂಡೆ. ಬೇಸಿಗೆ ಬಂದು ಜಾಕೆಟ್ಟುಗಳು ಪೆಟ್ಟಿಗೆ ಸೇರಿದ ಮೇಲೂ ಕಥೆ ನಿಲ್ಲಲಿಲ್ಲ. ಹೆಸರು ಮುಚ್ಚಿದ್ದರೂ ಕುರಿ ಎಲ್ಲರಿಗೂ ಗುರುತು ಸಿಗುತ್ತಿತ್ತು.

ಮಳೆಗಾಲ ಶುರುವಾಗುವ ಮೊದಲು ಹೋಟೆಲಿನ ಫೋನಿಗೆ ಮ್ಯಾನೇಜರ್ ಕರೆ ಮಾಡಿದರು. ಆ ಹೊತ್ತಿಗೆ ನಾನು ಗಲ್ಲಾದ ಪಕ್ಕದಲ್ಲೇ ಇದ್ದೆ. ಭಾವ ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು, ನನಗೂ ಕೇಳಲಿ ಎಂದು.

"ಭಾಯಿ ಸಾಬ್, ನಿಮ್ಮ ಗೋಡೆಯ ಮೇಲಿನದ್ದನ್ನು ದಯವಿಟ್ಟು ತೆಗೆದುಬಿಡಿ. ನಮ್ಮ ಆಫೀಸಿನವರೇ ಅಲ್ಲಿ ದೋಸೆ ತಿಂದು ಬಂದು ನನ್ನನ್ನು ಕೇಳ್ತಾರೆ. ನಮ್ಮ ದೊಡ್ಡ ಸಾಹೇಬರ ಹೆಂಡತಿಯೂ ಕೇಳಿದರು."

"ಅವರಿಗೆ ದೋಸೆ ಹಿಡಿಸಿತಾ?"

"ದೋಸೆ ಹಿಡಿಸಿತು. ಕಥೆ ಹಿಡಿಸಲಿಲ್ಲ."

"ಚಲೋ, ಹಾಗಾದರೆ ಒಂದು ಮಾತು. ನೀವು ಕುರಿ ತೆಗೀರಿ, ನಾನು ತೋಳು ತೆಗೀತೇನೆ."

ಮ್ಯಾನೇಜರ್, "ಎಲೆ ಇರಬಹುದಾ?" ಎಂದು ಕೇಳಿದರು. ನಾನು ಕಂಡ ಎಲ್ಲ ಮಾತುಕತೆಗಳಲ್ಲಿ ಅಷ್ಟು ಸಣ್ಣ ದನಿಯ ಪ್ರಶ್ನೆ ಇನ್ನೊಂದಿಲ್ಲ.

ಭಾವ ನನ್ನ ಮುಖ ನೋಡಿದರು. ಎಣ್ಣೆಯ ಬಟ್ಟೆಗೆ ಎಲೆಯ ಚಿತ್ರವೂ ಸುಳ್ಳೇ. ಆದರೆ ಎಲೆ ನೋಡಿ ಯಾರೂ ಬೆಂಕಿಯ ಮುಂದೆ ಕೂರುವುದಿಲ್ಲ. ನಾನು ತಲೆಯಾಡಿಸಿದೆ.

"ಎಲೆ ಇಟ್ಟುಕೊಳ್ಳಿ. ಬೆಂಕಿಯ ಮಾತು ಮಾತ್ರ ಕುರಿ ಇದ್ದಲ್ಲೇ ಇರಬೇಕು. ಎಣ್ಣೆಯ ಮಾತೂ."

ಅಕ್ಟೋಬರ್ ಕೊನೆಯಲ್ಲಿ ಜಾಕೆಟ್ಟುಗಳು ಅಂಗಡಿಗೆ ಬಂದವು ಎಂದು ತಿಳಿದ ಕೂಡಲೇ ಭಾವ, ಅಕ್ಕ, ನಾನು, ಮೂವರೂ ಗುರಗಾಂವ್‌ನ ಮಾಲಿಗೆ ಹೋದೆವು. ಹೊರಗೆ ಇನ್ನೂ ಬೆವರು ಬರುವ ಬಿಸಿಲು. ಅಂಗಡಿಯೊಳಗೆ ಏಸಿಯನ್ನು ಎಷ್ಟು ಜೋರಾಗಿ ಬಿಟ್ಟಿದ್ದರೆಂದರೆ ಅಕ್ಕ ಸೆರಗು ಹೊದ್ದುಕೊಂಡಳು; ಬಂದವರಿಗೆ ಚಳಿಯಾಗಿ ಜಾಕೆಟ್ ನೆನಪಾಗಲಿ ಎಂದಿರಬೇಕು. ಕಂಪನಿ ಬದಲಾಗಿಬಿಟ್ಟಿತು ಎಂದು ನಾನು ಬರೆಯಲಾರೆ. ಸಸಿಯ ಭರವಸೆ ಗೋಡೆಯಲ್ಲಿ ಇನ್ನೂ ದೊಡ್ಡದಾಗಿತ್ತು.

ಭಾವ ನೇರ ಜಾಕೆಟ್ಟುಗಳ ಸಾಲಿಗೆ ನಡೆದು ಮೊದಲನೆಯದರ ಚೀಟಿ ತಿರುಗಿಸಿದರು. ಆಮೇಲೆ ಎರಡನೆಯದು. ಆಮೇಲೆ ಮಕ್ಕಳ ಸಾಲಿನ ಒಂದೊಂದನ್ನೂ. ಕಂದು ಕಾಗದ ಅದೇ, ಸೆಣಬಿನ ದಾರ ಅದೇ, ಮೂಲೆಯಲ್ಲಿ ಎಲೆ ಇತ್ತು. ಬೆಟ್ಟದ ಬುಡ ಖಾಲಿ. ಅಲ್ಲಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರ: ಇದು ಪೆಟ್ರೋಲಿಯಂನಿಂದ ತಯಾರಾದ ಪಾಲಿಯೆಸ್ಟರ್, ಉಣ್ಣೆಯಲ್ಲ, ಬೆಂಕಿಯಿಂದ ದೂರವಿರಿ. ಅಕ್ಷರ ಬರೆದವಳು ಕುರಿ ಬಿಡಿಸಿದ ಅದೇ ಹುಡುಗಿ ಇರಬೇಕು ಎಂದು ನನಗೆ ಅನ್ನಿಸಿತು. ಗೊತ್ತಿಲ್ಲ.

ನಮ್ಮ ಪಕ್ಕದಲ್ಲಿ ಒಬ್ಬ ಪಂಜಾಬಿ ಅಜ್ಜಿ, ಬಹುಶಃ ಸೊಸೆಯ ಜೊತೆ, ನೀಲಿ ಜಾಕೆಟ್ಟನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು.

"ಊನ್ ಹೈ ಭಯ್ಯಾ?"

"ನಹೀಂ ಮಾತಾಜೀ" ಎಂದ ಅಂಗಡಿಯವ, ಒಂದು ಕ್ಷಣವೂ ತಡೆಯದೆ. "ಪಾಲಿಯೆಸ್ಟರ್. ಚೂಲ್ಹಾ, ಹವನ, ಅಂಗೀಠಿ, ಯಾವ ಬೆಂಕಿಯ ಹತ್ತಿರವೂ ಹಾಕಬೇಡಿ. ಹೊರಗೆ ಓಡಾಡಲು ಬಹಳ ಒಳ್ಳೆಯದು."

ಅಜ್ಜಿ ಅವನನ್ನು ಮೇಲೆ ಕೆಳಗೆ ನೋಡಿದರು. "ಅರೇ ವಾಹ್, ಅಂಗಡಿಯಲ್ಲಿ ಕೂತು ನಿಜ ಹೇಳ್ತೀಯಲ್ಲ. ಎರಡು ಕೊಡು, ಬೆಳಗಿನ ವಾಕಿಂಗಿಗೆ ಇರಲಿ. ಅಡುಗೆಮನೆಗೆ ನನ್ನ ಹಳೇ ಶಾಲು ಉಂಟು."

ಭಾವ ಗಟ್ಟಿಯಾಗಿ ನಕ್ಕರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು. ಅಕ್ಕ ಅವರ ತೋಳು ಹಿಡಿದು, "ಸಾಕು, ಜನ ನೋಡ್ತಾರೆ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಆ ಸಂಜೆಯೇ ಚೌಕಟ್ಟು ಗೋಡೆಯಿಂದ ಇಳಿಯಿತು. ಭಾವ ಕೊಟ್ಟ ಮಾತು ತಪ್ಪುವವರಲ್ಲ. ರಾತ್ರಿಯ ಊಟಕ್ಕೆ ಬಂದ ಖಾಯಂ ಗಿರಾಕಿಯೊಬ್ಬರು ಹಣ ಕೊಡುವಾಗ ಖಾಲಿ ಮೊಳೆ ನೋಡಿ, ಏನಾಯಿತು ಎಂದು ಕೇಳಿದರು. ಭಾವ ಕುರ್ಚಿ ಹಿಂದಕ್ಕೆ ಸರಿಸಿ, ಹೋಮದಿಂದಲೇ ಶುರುಮಾಡಿದರು. ಈಗ ಕಥೆಗೆ ಮಾಲ್ ಬಂದಿತ್ತು, ಅಜ್ಜಿ ಬಂದಿದ್ದರು, ಮೊದಲಿನ ಎರಡರಷ್ಟು ಉದ್ದವಾಗಿತ್ತು.

"ರೀ, ಮೂರನೇ ಟೇಬಲಿನವರು ಬಿಲ್ಲಿಗೆ ಕಾಯ್ತಿದ್ದಾರೆ!" ಅಕ್ಕ ಒಳಗಿನಿಂದ ಕೂಗಿದಳು.

"ಅವರನ್ನೂ ಇಲ್ಲಿಗೇ ಕರಿ" ಎಂದರು ಭಾವ.